ರೈಲು ಬಾರದ ಗೇಟಿನ ಹಳಿ: ಮೇಲೆ ಡಾಂಬರು ಹಾಕಿದರೆ ಸಾಕೆ?

ಪ್ರಶ್ನೆ: ಮಂಗಳೂರಿನಲ್ಲಿ ನಾವು ದಿನಾ ಹೋಗುವ ರಸ್ತೆಗೆ ಅಡ್ಡಲಾಗಿ ಹಳೇ ರೈಲ್ವೇ ಗೇಟಿನ ಹಳಿ ಹಾಗೇ ಉಳಿದಿದೆ. ರೈಲು ಬಾರದೆ ವರ್ಷಗಳೇ ಆದವು. ಮಳೆಗಾಲದಲ್ಲಿ ಸ್ಕೂಟರ್ ಜಾರುತ್ತದೆ. ಮೇಲೆ ಡಾಂಬರು ಹಾಕಿ ಮುಚ್ಚಿಬಿಡಬಾರದೇ?

ಮುಚ್ಚಬಹುದು, ಆದರೆ ನಿಲ್ಲುವುದಿಲ್ಲ. ಹಳಿಯ ತಲೆ ನುಣುಪು ಉಕ್ಕು. ಅದರ ಮೇಲೆ ಎಳೆದ ತೆಳು ಡಾಂಬರು ಸರಿಯಾಗಿ ಅಂಟುವುದಿಲ್ಲ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಬಸ್ಸು ಹಾದಾಗ ಹಳಿ ಹೊರುವ ಅಡಿಯ ಅಡ್ಡಪಟ್ಟಿ, ಅಂದರೆ ಸ್ಲೀಪರ್, ಅದುರುತ್ತದೆ. ಹಳಿಯ ಅಂಚಿನಗುಂಟ ಬಿರುಕು ಬೀಳುತ್ತದೆ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಆ ಬಿರುಕು ಗುಂಡಿಯಾಗಲು ಮಳೆ ಜೋರಾಗಿರುವ ಒಂದು ಆಟಿ (ಆಷಾಢ) ತಿಂಗಳು ಸಾಕು. ಆಮೇಲೆ ಹಳಿಗಿಂತ ಗುಂಡಿಯೇ ದೊಡ್ಡ ಅಪಾಯ.

ಗೇಟಿನಲ್ಲಿ ಓಡುವ ಹಳಿಯ ಒಳಬದಿಗೆ ಚೆಕ್ ರೈಲು ಎಂಬ ಇನ್ನೊಂದು ಹಳಿ ಇರುತ್ತದೆ. ಎರಡರ ನಡುವಿನ ಸಂದು ಬ್ರಾಡ್‌ಗೇಜ್‌ನಲ್ಲಿ 51ರಿಂದ 57 ಮಿ.ಮೀ.; ರೈಲುಚಕ್ರದ ಅಂಚು ಹಾಯಲು ಕನಿಷ್ಠ 38 ಮಿ.ಮೀ. ಆಳ ಬೇಕು. ಹೆಚ್ಚಿನ ಸ್ಕೂಟರ್ ಟೈರುಗಳ ಅಗಲ 90 ಮಿ.ಮೀ. ಸುತ್ತಮುತ್ತ, ಹಾಗಾಗಿ ಅದು ಸಂದಿಗೆ ಪೂರ್ತಿ ಇಳಿಯದು, ಉಕ್ಕಿನ ಮೇಲೆ ಜಾರುತ್ತದೆ. ಸೈಕಲ್ ಚಕ್ರವಾದರೆ ನೇರ ಇಳಿದು ಸಿಕ್ಕಿಕೊಳ್ಳುತ್ತದೆ. ಅಂಚಿನ ಡಾಂಬರು ಕಿತ್ತುಹೋದಲ್ಲಿ ಸಂದು ಅಗಲವಾಗಿ ಸ್ಕೂಟರಿಗೂ ಅದೇ ಗತಿ. ಬ್ರೇಕನ್ನು ಹಳಿಗೆ ಮೊದಲೇ ಹಾಕಿ, ಹಳಿಯ ಮೇಲೆ ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ. ಹಳಿ ಓರೆಯಾಗಿದ್ದರೆ ಹಿಂದೆ ನೋಡಿಕೊಂಡು, ಆದಷ್ಟು ಲಂಬವಾಗಿ ದಾಟಿ. ಹ್ಯಾಂಡಲ್ ತಿರುಗಿಸುವುದೇನಿದ್ದರೂ ಮೊದಲು ಇಲ್ಲವೇ ಆಮೇಲೆ.

ಸಂದಿಗೆ ಕಾಂಕ್ರೀಟ್ ತುಂಬಿಸಿ ಎಂದು ಪಾಲಿಕೆಯನ್ನು ಒತ್ತಾಯಿಸುವವರಿದ್ದಾರೆ. ಮಾರ್ಗ ಅಧಿಕೃತವಾಗಿ ಮುಚ್ಚದಿದ್ದರೆ ಅದು ಘೋರ ತಪ್ಪು: ಯಾವತ್ತೋ ಒಂದು ವ್ಯಾಗನ್ ಬಂದರೂ ಚಕ್ರ ಮೇಲೇರಿ ಹಳಿ ತಪ್ಪುತ್ತದೆ. ತುಕ್ಕು ಕಂಡಿತೆಂದು ಸತ್ತ ಹಳಿ ಎನ್ನಬೇಡಿ. ನಮ್ಮ ಉಪ್ಪುಗಾಳಿಗೆ ಕೆಲವು ದಿನ ರೈಲು ಓಡದಿದ್ದರೂ ತುಕ್ಕು ಬರುತ್ತದೆ. ರಸ್ತೆಯ ಎರಡೂ ಬದಿಗೆ ನಡೆದು ನೋಡಿ. ಹಳಿ ತುಂಡಾಗಿದೆಯೇ, ನಡುವೆ ಮರ ಬೆಳೆದಿದೆಯೇ? ಅದು ಒಳ್ಳೆಯ ಸುಳಿವು, ಆದರೆ ಕೊನೆಯ ಮಾತು ರೈಲ್ವೆಯದ್ದೇ.

ನಿಜವಾದ ಪರಿಹಾರ ಕೀಳುವುದು. ಮೀಟರಿಗೆ 52 ಕಿಲೋ ತೂಗುವ ಹಳಿಯಾದರೆ, ಚೆಕ್ ರೈಲೂ ಸೇರಿ ನಾಲ್ಕು ಸಾಲು, 7 ಮೀಟರ್ ರಸ್ತೆಗೆ ಸುಮಾರು ಒಂದೂವರೆ ಟನ್ ಉಕ್ಕು. ಹಳಿಯ ಎತ್ತರವೇ 156 ಮಿ.ಮೀ. ಬರೀ ಹಳಿ ಕತ್ತರಿಸಿ ಸ್ಲೀಪರ್, ಜಲ್ಲಿ ಬಿಟ್ಟರೆ ಒಂದೆರಡು ಮಳೆಗೆ ರಸ್ತೆ ಕುಸಿಯುತ್ತದೆ. ಸಡಿಲ ಜಲ್ಲಿಯನ್ನೂ ತೆಗೆದು, ಹೊಸ ಜಲ್ಲಿಮಿಶ್ರಣವನ್ನು ತೆಳು ಪದರಗಳಲ್ಲಿ ಹಾಕಿ ಪ್ರತಿ ಪದರಕ್ಕೂ ರೋಲರ್ ಹೊಡೆಸಬೇಕು. ಗುತ್ತಿಗೆದಾರರು ತಪ್ಪಿಸಲು ನೋಡುವ ಕೆಲಸ ಇದೇ.

ತಡವಾಗುವುದು ಯಾಕೆಂದರೆ ರಸ್ತೆ ಒಬ್ಬರದ್ದು, ಹಳಿ ಇನ್ನೊಬ್ಬರದ್ದು. ಓಡದ ಹಳಿಯೂ ರೈಲ್ವೆ ಆಸ್ತಿ. ಕದ್ದರೆ 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆಯಡಿ ಜೈಲು. ಮಂಗಳೂರಿನಲ್ಲಿ ಯಾವ ರೈಲ್ವೆ ಎಂಬುದೇ ಗೊಂದಲ: ಸೆಂಟ್ರಲ್ ನಿಲ್ದಾಣದ ಕಡೆಯದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ಪಡೀಲಿನಿಂದ ಹಾಸನದತ್ತ ಹೋಗುವುದು ನೈರುತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರಿನಿಂದ ಉಡುಪಿಯತ್ತ ಕೊಂಕಣ ರೈಲ್ವೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಕೊಳೆಯುತ್ತದೆ. ಗೇಟ್‌ಮನೆಯ ಗೋಡೆಯಲ್ಲಿ ಗೇಟಿನ ನಂಬರ್ ಅಳಿಯದೆ ಉಳಿದಿದ್ದರೆ ಅದನ್ನು ಬರೆದುಕೊಳ್ಳಿ. ಆ ನಂಬರ್, ಎರಡೂ ಬದಿಯ ಫೋಟೋ ಸೇರಿಸಿ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯಿರಿ, ಆ ಪತ್ರದ ಒಂದು ನಕಲನ್ನು ಪಾಲಿಕೆಗೂ ಕೊಡಿ. ಅಷ್ಟರವರೆಗೆ ಹಳಿ ಅಂಚಿನ ಗುಂಡಿ ಮುಚ್ಚಿಸುವುದನ್ನು ಮಾತ್ರ ಕೇಳಿ, ಹಳಿಯ ಮೇಲೆ ಡಾಂಬರು ಕೇಳಬೇಡಿ.