ಮೇಜಿನ ಮೇಲೇ ಇರುವ ಲ್ಯಾಪ್‌ಟಾಪ್: ವ್ಯಾಟ್, ಲೇನ್ ಮತ್ತು ಬ್ಯಾಟರಿಯ ಲೆಕ್ಕ

ಒಂದೇ ಹೆಸರಿನ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳಿಗೆ ಒಂದೇ ದೊಡ್ಡ ವಿಡಿಯೊವನ್ನು ಎನ್‌ಕೋಡ್ ಮಾಡಲು, ಅಂದರೆ ಬೇರೆ ರೂಪಕ್ಕೆ ಬದಲಿಸಲು, ಕೊಟ್ಟು ನೋಡಿ. ಮೊದಲ ಅರ್ಧ ನಿಮಿಷ ಎರಡೂ ಸರಿಸಮ ಓಡುತ್ತವೆ. ಹತ್ತು ನಿಮಿಷ ಆಗುವಷ್ಟರಲ್ಲಿ ತೆಳ್ಳಗಿನದು ಹಿಂದೆ ಬಿದ್ದಿರುತ್ತದೆ, ಅದರ ಫ್ಯಾನ್ ಮಾತ್ರ ಮುಂದಿರುತ್ತದೆ. ಡೆಸ್ಕ್‌ಟಾಪ್ ಎತ್ತಿಟ್ಟು ಆ ಜಾಗಕ್ಕೆ ಲ್ಯಾಪ್‌ಟಾಪ್ ತರುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಈ ಹತ್ತನೇ ನಿಮಿಷವನ್ನು. ದಿನಕ್ಕೆ ಎಂಟು ಗಂಟೆ, ಚಾರ್ಜರ್‌ಗೆ ಸಿಕ್ಕಿಸಿಕೊಂಡೇ, ಹೊರಗಿನ ಮಾನಿಟರ್ ಹಚ್ಚಿಕೊಂಡು ಓಡುವ ಯಂತ್ರಕ್ಕೆ ಬ್ರೋಷರ್‌ನಲ್ಲಿರುವ ಗಿಗಾಹರ್ಟ್ಸ್‌ಗಿಂತ ಅದು ಸತತವಾಗಿ ತಾಳುವ ವ್ಯಾಟ್ ಮುಖ್ಯ.

ಪ್ರೊಸೆಸರ್ ಹೆಸರಿನ ಬಾಲ ಓದುವುದು

ಇಂಟೆಲ್‌ನ 12 ಮತ್ತು 13ನೇ ತಲೆಮಾರಿನಲ್ಲಿ ಹೆಸರಿನ ಕೊನೆಗೆ ಯು ಇದ್ದರೆ ಮೂಲ ವಿದ್ಯುತ್ ಸಾಮಾನ್ಯವಾಗಿ 15 ವ್ಯಾಟ್, ಪಿ ಇದ್ದರೆ 28, ಎಚ್ ಇದ್ದರೆ 45, ಎಚ್‌ಎಕ್ಸ್ ಇದ್ದರೆ 55. ಎಎಂಡಿಯಲ್ಲೂ ಯು, ಎಚ್‌ಎಸ್, ಎಚ್‌ಎಕ್ಸ್ ಎಂಬ ಮೆಟ್ಟಿಲುಗಳಿವೆ. ಎಚ್‌ಎಕ್ಸ್ ಅಂದರೆ ಹೆಚ್ಚುಕಡಿಮೆ ಡೆಸ್ಕ್‌ಟಾಪ್ ಚಿಪ್ಪನ್ನೇ ಲ್ಯಾಪ್‌ಟಾಪ್ ಬೋರ್ಡಿಗೆ ಬೆಸುಗೆ ಹಾಕಿದಂತೆ.

ಇಷ್ಟು ಎಲ್ಲರಿಗೂ ಗೊತ್ತು. ಗೊಂದಲ ಶುರುವಾಗುವುದು ಆಮೇಲೆ. ಕೋರ್ ಐ7-13700ಎಚ್‌ಗೆ ಮೂಲ 45 ವ್ಯಾಟ್, ಗರಿಷ್ಠ ಟರ್ಬೊ (ಸ್ವಲ್ಪ ಹೊತ್ತಿನ ಜೋರು ಓಟ) 115 ವ್ಯಾಟ್. ಈ ಎರಡು ಅಂಕಿಗಳ ನಡುವೆ ಎಲ್ಲಿ ನಿಲ್ಲಬೇಕು, 115ರಲ್ಲಿ ಎಷ್ಟು ಸೆಕೆಂಡು ಇರಬೇಕು ಎನ್ನುವುದನ್ನು ತೀರ್ಮಾನಿಸುವುದು ಲ್ಯಾಪ್‌ಟಾಪ್ ತಯಾರಕರು. ಅವರು ಹಾಕಿರುವ ಹೀಟ್‌ಪೈಪ್, ಫ್ಯಾನ್, ಚಾಸಿಯ ದಪ್ಪ ನೋಡಿ ಸತತ ಮಿತಿಯನ್ನು ನಿಗದಿ ಮಾಡುತ್ತಾರೆ. ಒಬ್ಬರು 35ಕ್ಕೆ ಇಳಿಸಿರಬಹುದು, ಇನ್ನೊಬ್ಬರು 80 ಬಿಟ್ಟಿರಬಹುದು. ಡಬ್ಬದ ಮೇಲಿನ ಸ್ಟಿಕ್ಕರ್ ಎರಡಕ್ಕೂ ಒಂದೇ.

ಆದ್ದರಿಂದ ವಿಮರ್ಶೆ ಓದುವಾಗ ಒಂದೇ ಸಲ ಓಡಿಸಿದ ಸ್ಕೋರ್ ಬಿಟ್ಟು, ಸಿನೆಬೆಂಚ್ ತರಹದ ಪರೀಕ್ಷೆಯನ್ನು ಸಾಲಾಗಿ ಹತ್ತು ಹದಿನೈದು ಸಲ ಓಡಿಸಿದ ಗ್ರಾಫ್ ಇದೆಯೇ ಎಂದು ಹುಡುಕಿ. ಮೊದಲ ಓಟಕ್ಕೂ ಕೊನೆಯ ಓಟಕ್ಕೂ 10 ಶೇಕಡಾ ಇಳಿದಿದ್ದರೆ ಚಿಂತೆಯಿಲ್ಲ. 30 ಶೇಕಡಾ ಇಳಿದಿದ್ದರೆ ಅದು ಕೈಯಲ್ಲಿ ಹಿಡಿದು ಓಡಾಡುವವರ ಯಂತ್ರ, ಮೇಜಿನದ್ದಲ್ಲ.

ಗ್ರಾಫಿಕ್ಸ್‌ನದ್ದೂ ಇದೇ ಕಥೆ, ಸ್ವಲ್ಪ ಜಾಸ್ತಿಯೇ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060ಗೆ ಕಂಪನಿಯೇ ಕೊಟ್ಟಿರುವ ವ್ಯಾಪ್ತಿ 35ರಿಂದ 115 ವ್ಯಾಟ್. ಇನ್ನು ಲ್ಯಾಪ್‌ಟಾಪ್‌ನ 4090 ಮತ್ತು ಡೆಸ್ಕ್‌ಟಾಪ್‌ನ 4090ಗೆ ಹೆಸರು ಮಾತ್ರ ಒಂದು: ಮೊದಲನೆಯದರಲ್ಲಿ ಕೂಡಾ (CUDA) ಕೋರ್ ಎಂಬ ಲೆಕ್ಕ ಮಾಡುವ ಘಟಕಗಳು 9,728, ಮೆಮೊರಿ 16 ಜಿಬಿ, ಎರಡನೆಯದರಲ್ಲಿ 16,384 ಕೋರ್, 24 ಜಿಬಿ. ಹಳೆಯ ಡೆಸ್ಕ್‌ಟಾಪ್ ಕಾರ್ಡಿನ ಹೆಸರನ್ನೇ ಲ್ಯಾಪ್‌ಟಾಪ್‌ನಲ್ಲಿ ಹುಡುಕಿ ಕೊಂಡವರು ಮೋಸ ಹೋಗುವುದು ಇಲ್ಲೇ. ಸ್ಪೆಸಿಫಿಕೇಶನ್ ಹಾಳೆಯಲ್ಲಿ ಟಿಜಿಪಿ (ಗ್ರಾಫಿಕ್ಸ್‌ಗೆ ಸಿಗುವ ಒಟ್ಟು ವ್ಯಾಟ್) ಎಂದು ಬರೆದ ಅಂಕಿ ಕಾಣದಿದ್ದರೆ ಅದು ಕಡಿಮೆಯೇ ಇದೆ ಎಂದುಕೊಂಡು ಮುಂದುವರಿಯುವುದು ಕ್ಷೇಮ.

ಬರವಣಿಗೆ, ಲೆಕ್ಕಪತ್ರ, ಬ್ರೌಸರ್, ಸಾಮಾನ್ಯ ಪ್ರೋಗ್ರಾಮಿಂಗ್ ಇಷ್ಟೇ ಕೆಲಸ ಇದ್ದರೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಡವೇ ಬೇಡ. ಅದು ಬಂದರೆ ಅದರ ಬಿಸಿ, ಅದರ ಸದ್ದು, ಇಟ್ಟಿಗೆಯಂಥ ಚಾರ್ಜರ್ ಎಲ್ಲವೂ ಜೊತೆಗೆ ಬರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಪೋರ್ಟನ್ನು ನೇರ ಆ ಚಿಪ್ಪಿಗೇ ಜೋಡಿಸಿರುತ್ತಾರೆ. ಅಲ್ಲಿಗೆ ಮಾನಿಟರ್ ಸಿಕ್ಕಿಸಿದರೆ ಬರೀ ಒಂದು ಪತ್ರ ಟೈಪ್ ಮಾಡುವಾಗಲೂ ಅದು ಮಲಗುವುದಿಲ್ಲ, ಫ್ಯಾನ್ ಸುಮ್ಮನಾಗುವುದಿಲ್ಲ. ಯಾವ ಪೋರ್ಟ್ ಯಾವ ಚಿಪ್ಪಿಗೆ ಸೇರಿದೆ ಎಂಬುದನ್ನು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸಿಕ್ಸ್ (PhysX) ಪುಟ ಚಿತ್ರದಲ್ಲೇ ತೋರಿಸುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ

ಎಲ್‌ಪಿಡಿಡಿಆರ್ ಎಂದು ಬರೆದಿದ್ದರೆ ಬಹುಮಟ್ಟಿಗೆ ಬೋರ್ಡಿಗೆ ಬೆಸುಗೆ ಹಾಕಿದ ರ‍್ಯಾಮ್. ಆಮೇಲೆ ಸೇರಿಸುವ ದಾರಿ ಇಲ್ಲ, ಕೊಳ್ಳುವಾಗಲೇ 32 ಜಿಬಿ ತೆಗೆದುಕೊಳ್ಳಿ. ರ‍್ಯಾಮ್ ಕಡ್ಡಿ ಸಿಕ್ಕಿಸುವ ಸೋಡಿಮ್ ಸ್ಲಾಟ್ ಎರಡಿದ್ದರೆ 16ರಲ್ಲಿ ಶುರು ಮಾಡಬಹುದು. ಆದರೆ 16ರ ಒಂದೇ ಕಡ್ಡಿ ಹಾಕುವ ಬದಲು 8ರ ಎರಡು ಹಾಕಿದರೆ ರ‍್ಯಾಮ್‌ನ ಎರಡೂ ಚಾನೆಲ್ (ಡೇಟಾ ಹೋಗುವ ದಾರಿ) ಕೆಲಸ ಮಾಡುತ್ತವೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಈ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ ಹೊರಗಿನ ಮಾನಿಟರ್ ಹಚ್ಚಿದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಎಸ್‌ಎಸ್‌ಡಿ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಈಗಿನ ಯಾವ ಎನ್‌ವಿಎಂಇ ಎಸ್‌ಎಸ್‌ಡಿ ಆದರೂ ಸಾಕು. ಅದನ್ನು ಸಿಕ್ಕಿಸುವ ಎಂ.2 ಸ್ಲಾಟ್ ಎರಡನೆಯದು ಇದೆಯೇ, ಅದು 2280 ಅಳತೆಯದೋ 2242 ಅಥವಾ 2230ರ ಗಿಡ್ಡ ಕಡ್ಡಿಗೋ ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಡೆಸ್ಕ್‌ಟಾಪ್‌ನಿಂದ ಬಂದವರಿಗೆ ಎರಡನೇ ಡಿಸ್ಕ್ ಇಲ್ಲದ್ದು ಕೈ ಮುರಿದಂತಾಗುತ್ತದೆ.

ಒಂದೇ ವೈರ್‌ನಲ್ಲಿ ಎಲ್ಲ: ಟೈಪ್-ಸಿಯ ಲೆಕ್ಕ

ಟೈಪ್-ಸಿ ಅನ್ನುವುದು ತೂತಿನ ಆಕಾರದ ಹೆಸರು ಅಷ್ಟೇ. ಅದರೊಳಗೆ ಬರೀ ಡೇಟಾ ಇರಬಹುದು, ಡೇಟಾ ಮತ್ತು ಚಾರ್ಜಿಂಗ್ ಇರಬಹುದು, ಮಾನಿಟರ್‌ಗೆ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಕೂಡ ಇರಬಹುದು, ಎಲ್ಲವನ್ನೂ ಹೆಚ್ಚು ವೇಗದಲ್ಲಿ ಸಾಗಿಸುವ ಥಂಡರ್‌ಬೋಲ್ಟ್ ಇರಬಹುದು. ಪೋರ್ಟ್ ಪಕ್ಕದಲ್ಲಿ ಮಿಂಚಿನ ಗುರುತು, ಡಿ ಮತ್ತು ಪಿ ಸೇರಿದ ಗುರುತು ಇದ್ದರೆ ಒಳ್ಳೆಯದು. ಕೆಲವರು ಏನನ್ನೂ ಹಾಕಿರುವುದಿಲ್ಲ, ಆಗ ಮ್ಯಾನ್ಯುಯಲ್ಲೇ ಗತಿ.

ಎಲ್ಲರೂ ಎಡವುವ ಜಾಗ ಒಂದಿದೆ. ಹೊಸ 4ಕೆ ಮಾನಿಟರ್, ಹೊಸ ಡಾಕ್ (ಒಂದೇ ವೈರ್‌ನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ), ಎಲ್ಲ ಹಚ್ಚಿದ ಮೇಲೆ ಮೌಸ್ ಬಾಣ ತಡವರಿಸುತ್ತ ಓಡುತ್ತದೆ. ಸೆಟ್ಟಿಂಗ್ಸ್ ತೆಗೆದರೆ 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಚಿತ್ರ, ಎಂದಿರುತ್ತದೆ, 60 ಪಟ್ಟಿಯಲ್ಲೇ ಇರುವುದಿಲ್ಲ. ಯಾವುದೂ ಕೆಟ್ಟಿಲ್ಲ, ಕೇಬಲ್‌ನೊಳಗಿನ ಲೇನ್ (ಡೇಟಾ ಸಾಗುವ ದಾರಿ) ಸಾಲುತ್ತಿಲ್ಲ. ಲೆಕ್ಕ ಹಾಕೋಣ.

4ಕೆ ಪರದೆಗೆ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 24 ಬಿಟ್ ಬಣ್ಣ, ಸೆಕೆಂಡಿಗೆ 60 ಸಲ. ಗುಣಿಸಿದರೆ 11.9 ಗಿಗಾಬಿಟ್, ಸಾಲುಗಳ ನಡುವಿನ ಖಾಲಿ ಸಮಯ ಸೇರಿಸಿದರೆ ಸುಮಾರು 12.5. ಈಗ ದಾರಿಯ ಅಗಲ ನೋಡಿ. ಟೈಪ್-ಸಿ ಕೇಬಲ್‌ನಲ್ಲಿ ವೇಗದ ಲೇನ್ ನಾಲ್ಕು. ಸಾಧಾರಣ ಡಾಕ್ ಅದರಲ್ಲಿ ಎರಡನ್ನು ಯುಎಸ್‌ಬಿ 3ಕ್ಕೆ ಕೊಟ್ಟು ಉಳಿದ ಎರಡನ್ನು ಚಿತ್ರಕ್ಕೆ ಬಿಡುತ್ತದೆ. ಡಿಸ್‌ಪ್ಲೇಪೋರ್ಟ್ 1.2ರ ವೇಗದಲ್ಲಿ ಒಂದು ಲೇನ್ ನಿಜವಾಗಿ ಸಾಗಿಸುವುದು 4.32 ಗಿಗಾಬಿಟ್. ಎರಡು ಸೇರಿ 8.64. ಇದರಲ್ಲಿ 12.5 ಹಿಡಿಸುವುದಿಲ್ಲ, ಹಾಗಾಗಿ ಯಂತ್ರ ತಾನಾಗಿಯೇ 30 ಹರ್ಟ್ಸ್‌ಗೆ ಇಳಿಯುತ್ತದೆ. ಲ್ಯಾಪ್‌ಟಾಪ್ ಮತ್ತು ಡಾಕ್ ಎರಡೂ ಡಿಸ್‌ಪ್ಲೇಪೋರ್ಟ್ 1.4ರ ವೇಗ ಬಲ್ಲವಾದರೆ ಲೇನಿಗೆ 6.48, ಎರಡಕ್ಕೆ 12.96. ಕೂದಲೆಳೆಯಲ್ಲಿ 4ಕೆ 60 ಹಿಡಿಸಿತು.

ಪರಿಹಾರ ಮೂರು ತರಹ. ಮಾನಿಟರ್‌ಗೇ ನೇರ ಟೈಪ್-ಸಿ ಹಾಕಿದ್ದರೆ ಅದರ ಮೆನುವಿನಲ್ಲಿ ಹೆಚ್ಚು ರೆಸಲ್ಯೂಶನ್ ಬೇಕೋ ಹೆಚ್ಚು ಡೇಟಾ ವೇಗ ಬೇಕೋ ಎಂಬ ಆಯ್ಕೆ ಇರುವುದುಂಟು. ಮೊದಲನೆಯದನ್ನು ಒತ್ತಿದರೆ ನಾಲ್ಕೂ ಲೇನ್ ಚಿತ್ರಕ್ಕೆ ಹೋಗುತ್ತವೆ, ಯುಎಸ್‌ಬಿ ಮಾತ್ರ 2.0ರ 480 ಮೆಗಾಬಿಟ್‌ಗೆ ಇಳಿಯುತ್ತದೆ. ಕೀಬೋರ್ಡ್, ಮೌಸ್‌ಗೆ ಅದು ಸಾಕು, ಹಾರ್ಡ್ ಡಿಸ್ಕಿಗೆ ಸಾಲದು. ಎರಡನೆಯದು, ಮಾನಿಟರನ್ನು ಡಾಕ್‌ನಿಂದ ಕಿತ್ತು ಲ್ಯಾಪ್‌ಟಾಪ್‌ನ ಎಚ್‌ಡಿಎಂಐಗೆ ಹಾಕುವುದು. ಅದು ಎಚ್‌ಡಿಎಂಐ 2.0 ಆಗಿರಬೇಕು, 1.4 ಆದರೆ ಅಲ್ಲೂ 4ಕೆಗೆ 30ರ ಗೋಡೆಯೇ. ಮೂರನೆಯದು ಥಂಡರ್‌ಬೋಲ್ಟ್ ಡಾಕ್. 40 ಗಿಗಾಬಿಟ್ ದಾರಿ, ಥಂಡರ್‌ಬೋಲ್ಟ್ 4 ಎಂದು ಮುದ್ರೆ ಬಿದ್ದಿದ್ದರೆ ಎರಡು 4ಕೆ ಪರದೆಗೆ ಬೆಂಬಲ ಕಡ್ಡಾಯ. ಎರಡು ಮಾನಿಟರ್ ಖಚಿತ ಎನ್ನುವವರು ಡಾಕ್‌ನಲ್ಲಿ ಉಳಿಸಲು ಹೋಗದೆ ನೇರ ಇದಕ್ಕೇ ಹೋಗುವುದು ಮೇಲು.

ಮ್ಯಾಕ್‌ಬುಕ್ ನೋಡುತ್ತಿರುವವರಿಗೆ ಬೇರೆ ಎಚ್ಚರಿಕೆ. ಸಾದಾ ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಹೊರಗೆ ಒಂದೇ ಪರದೆ ಓಡಿಸುತ್ತದೆ. ಎಂ3ರ ಏರ್‌ನಲ್ಲಿ ಮುಚ್ಚಳ ಮುಚ್ಚಿದರೆ ಎರಡು, ಎಂ4ರಲ್ಲಿ ತೆರೆದೇ ಎರಡು. ಅಲ್ಲದೆ ಒಂದು ಡಿಸ್‌ಪ್ಲೇಪೋರ್ಟನ್ನು ಎರಡು ಪರದೆಗೆ ಸೀಳುವ ಎಂಎಸ್‌ಟಿ ಡಾಕ್‌ಗಳು ಮ್ಯಾಕ್‌ಓಎಸ್‌ನಲ್ಲಿ ಎರಡರಲ್ಲೂ ಒಂದೇ ಚಿತ್ರ ತೋರಿಸುತ್ತವೆ. ಡಿಸ್‌ಪ್ಲೇಲಿಂಕ್ ಡಾಕ್ ಈ ಮಿತಿಯನ್ನು ದಾಟಿಸುತ್ತದೆ, ಆದರೆ ಅದು ಚಿತ್ರವನ್ನು ಸಾಫ್ಟ್‌ವೇರ್‌ನಲ್ಲಿ ಸಂಕುಚಿಸಿ ಯುಎಸ್‌ಬಿಯಲ್ಲಿ ಕಳಿಸುವ ಉಪಾಯ. ಪಠ್ಯಕ್ಕೆ ಪರವಾಗಿಲ್ಲ, ವಿಡಿಯೊ ಸಂಕಲನಕ್ಕೆ ಹೇಳಿ ಮಾಡಿಸಿದ್ದಲ್ಲ.

ಅದೇ ವೈರ್‌ನಲ್ಲಿ ಚಾರ್ಜಿಂಗ್ ಕೂಡ ಬರುತ್ತದೆ. ಯುಎಸ್‌ಬಿ ಪವರ್ ಡೆಲಿವರಿ ಮೊದಲು 20 ವೋಲ್ಟ್, 5 ಆಂಪಿಯರ್, ಅಂದರೆ 100 ವ್ಯಾಟ್‌ವರೆಗೆ ಇತ್ತು; 2021ರ ಪರಿಷ್ಕರಣೆಯಲ್ಲಿ 240ಕ್ಕೆ ಏರಿತು. 3 ಆಂಪಿಯರ್ ದಾಟಬೇಕಾದರೆ ಕೇಬಲ್ ಒಳಗೆ ಗುರುತಿನ ಚಿಪ್ ಇರಬೇಕು. ಮೊಬೈಲ್ ಜೊತೆ ಬಂದ ಕೇಬಲ್ ಹಾಕಿದರೆ 100 ವ್ಯಾಟ್ ಚಾರ್ಜರ್ ಕೂಡ 60ಕ್ಕೆ ನಿಲ್ಲುವುದು ಇದಕ್ಕೇ. ಡಾಕ್ ಡಬ್ಬದ ಮೇಲೆ 100 ಎಂದಿದ್ದರೂ ಚಾರ್ಜರ್‌ನಿಂದ ಬಂದದ್ದರಲ್ಲಿ ತನ್ನ ಖರ್ಚಿಗೆ ಒಂದಷ್ಟು ಇಟ್ಟುಕೊಂಡು ಉಳಿದದ್ದನ್ನಷ್ಟೇ ಅದು ಲ್ಯಾಪ್‌ಟಾಪ್‌ಗೆ ದಾಟಿಸುತ್ತದೆ. 230 ವ್ಯಾಟ್ ಚಾರ್ಜರ್ ಜೊತೆ ಬಂದ ಯಂತ್ರವನ್ನು ಇಂಥ ಡಾಕ್ ಮೇಲೆ ಓಡಿಸಿದರೆ, ಭಾರದ ಕೆಲಸ ಬಿದ್ದಾಗ ವೇಗ ಕುಗ್ಗುತ್ತದೆ, ಇಲ್ಲವೇ ವೈರ್ ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತ ಹೋಗುತ್ತದೆ. ಅಂಥವಕ್ಕೆ ಮೂಲ ಚಾರ್ಜರನ್ನೂ ಸಿಕ್ಕಿಸಲೇಬೇಕು, ಒಂದೇ ವೈರ್‌ನ ಆಸೆ ಬಿಡಬೇಕು.

ಸಣ್ಣದು, ಆದರೆ ಬಹಳ ಜನರನ್ನು ಕಾಡುವುದು: ಡಾಕ್‌ನ ಹಿಂದೆ ಯುಎಸ್‌ಬಿ 3 ಡಿಸ್ಕ್ ಪಕ್ಕದಲ್ಲೇ ವೈರ್‌ಲೆಸ್ ಮೌಸ್‌ನ ಸಣ್ಣ ಯುಎಸ್‌ಬಿ ರಿಸೀವರ್ ಸಿಕ್ಕಿಸಿದರೆ ಮೌಸ್ ಜಿಗಿಯುತ್ತದೆ. ಯುಎಸ್‌ಬಿ 3 ಸಂಕೇತ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಹೊಮ್ಮಿಸುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ಒಂದು ಅಡಿ ಉದ್ದದ ಯುಎಸ್‌ಬಿ 2 ವಿಸ್ತರಣೆ ವೈರ್ ಹಾಕಿ ರಿಸೀವರನ್ನು ದೂರ ಇಟ್ಟರೆ ಸಾಮಾನ್ಯವಾಗಿ ಕಾಟ ತಪ್ಪುತ್ತದೆ.

ಮುಚ್ಚಳ ಮುಚ್ಚಿ ಬಳಸುವಾಗ

ವಿಂಡೋಸ್‌ನಲ್ಲಿ ಪವರ್ ಆಪ್ಷನ್ಸ್ ಒಳಗೆ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬ ಪುಟ ಇದೆ. ಚಾರ್ಜರ್ ಇದ್ದಾಗ ಏನೂ ಮಾಡಬೇಡ, ಬ್ಯಾಟರಿಯಲ್ಲಿದ್ದಾಗ ನಿದ್ದೆ ಮಾಡು ಎಂದು ಇಡಿ. ಒಂದು ಕಿವಿಮಾತು: ಈ ನಿಯಮ ಲೆಕ್ಕಕ್ಕೆ ಬರುವುದು ಮುಚ್ಚಳ ಮುಚ್ಚಿದ ಕ್ಷಣದಲ್ಲಿ. ಮುಚ್ಚಿಯೇ ಇದ್ದ ಯಂತ್ರದ ವೈರ್ ಕಿತ್ತು ಬ್ಯಾಗಿಗೆ ಹಾಕಿದರೆ ಅದು ಮಲಗಿದೆ ಎಂಬ ಖಾತರಿ ಇಲ್ಲ. ಬ್ಯಾಗಿನಲ್ಲೇ ಕಾದು ಕೆಂಡವಾಗಬಹುದು. ವೈರ್ ಕೀಳುವ ಮೊದಲು ಸ್ಲೀಪ್ ಅಥವಾ ಶಟ್‌ಡೌನ್ ಕೊಡಿ.

ಪವರ್ ಗುಂಡಿ ಮುಚ್ಚಳದ ಒಳಗಿರುವುದರಿಂದ ಬೆಳಿಗ್ಗೆ ಆನ್ ಮಾಡಲೂ ತೆರೆಯಬೇಕಾಗುತ್ತದೆ. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್ ಪುಟ) ಯುಎಸ್‌ಬಿಯಿಂದ ಎಬ್ಬಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ತಯಾರಕರದ್ದೇ ಡಾಕ್‌ಗಳಲ್ಲಿ ಕೆಲವಕ್ಕೆ ಪವರ್ ಗುಂಡಿಯೂ ಇರುತ್ತದೆ. ಕ್ಯಾಮೆರಾ, ಬೆರಳ ಗುರುತು ಓದುವ ಸಂವೇದಕ ಎರಡೂ ಕೈತಪ್ಪುತ್ತವೆ, ಪ್ರತ್ಯೇಕ ವೆಬ್‌ಕ್ಯಾಮ್ ಬೇಕು. ವೈಫೈ ಆಂಟೆನಾ ಅನೇಕ ಮಾಡೆಲ್‌ಗಳಲ್ಲಿ ಪರದೆಯ ಅಂಚಿನಲ್ಲಿರುತ್ತದೆ, ಮುಚ್ಚಿದಾಗ ಸಿಗ್ನಲ್ ಕುಗ್ಗಿದರೆ ಡಾಕ್‌ನ ಈಥರ್ನೆಟ್‌ಗೆ ವೈರ್ ಎಳೆಯಿರಿ.

ಕೀಬೋರ್ಡ್ ಸಂದಿಯಿಂದಲೂ ಗಾಳಿ ಎಳೆಯುವ ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನು ಮಾತ್ರ ಮುಚ್ಚಿ ಓಡಿಸಬೇಡಿ. ತೆರೆದಿಟ್ಟು, ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಕೆಳಗಿನ ಗಾಳಿಕಿಂಡಿಗೂ ಮೇಜಿಗೂ ನಡುವೆ ಸಾಮಾನ್ಯವಾಗಿ ಇರುವುದು ರಬ್ಬರ್ ಪಾದದ ಎತ್ತರವಷ್ಟೇ, ಅದನ್ನು ಹೆಚ್ಚಿಸಿದರೆ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ತಡೆಹಿಡಿದು ಊದಿ, ಗಾಳಿಯ ರಭಸಕ್ಕೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಬ್ಯಾಟರಿ

ಸದಾ ಚಾರ್ಜರ್‌ನಲ್ಲಿರುವ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಸವೆಯುವುದು ಬಳಕೆಯಿಂದಲ್ಲ, ತುಂಬಿಕೊಂಡು ಬಿಸಿಯಲ್ಲಿ ಕೂರುವುದರಿಂದ. ಪೂರ್ತಿ ತುಂಬಿದ ಲಿಥಿಯಂ ಸೆಲ್‌ನ ವಿದ್ಯುತ್ ಒತ್ತಡ ಸಾಮಾನ್ಯವಾಗಿ 4.2 ವೋಲ್ಟ್ ಅಥವಾ ತುಸು ಹೆಚ್ಚು. ಆ ಒತ್ತಡದಲ್ಲಿ, ಪಕ್ಕದಲ್ಲೇ ಪ್ರೊಸೆಸರ್‌ನ ಕಾವು ಇದ್ದಾಗ, ಒಳಗಿನ ರಾಸಾಯನಿಕ ಕ್ರಿಯೆಗಳು ಬೇಗ ನಡೆದು ಅನಿಲ ಹುಟ್ಟುತ್ತದೆ. ಲೆನೊವೊ, ಅಸುಸ್, ಡೆಲ್, ಎಚ್‌ಪಿ ಎಲ್ಲರೂ ತಮ್ಮ ಸಾಫ್ಟ್‌ವೇರ್ ಅಥವಾ ಬಯಾಸ್‌ನಲ್ಲಿ ಚಾರ್ಜನ್ನು 80 ಶೇಕಡಾದ ಸುತ್ತ ನಿಲ್ಲಿಸುವ ಸೌಲಭ್ಯ ಕೊಟ್ಟಿದ್ದಾರೆ. ಯಂತ್ರ ಬಂದ ದಿನವೇ ಅದನ್ನು ಹಾಕಿ. ಮಿತಿ ಮುಟ್ಟಿದ ಮೇಲೆ ಯಂತ್ರ ಚಾರ್ಜರ್‌ನಿಂದಲೇ ಓಡುತ್ತದೆ, ಬ್ಯಾಟರಿ ಸುಮ್ಮನಿರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ವೈರ್ ಕಿತ್ತು 30 ಶೇಕಡಾದವರೆಗೆ ಇಳಿಸಿದರೆ ಅಳತೆ ಮಾಪಕದ ಲೆಕ್ಕ ತಪ್ಪುವುದಿಲ್ಲ.

ಕರೆಂಟ್ ಹೋದರೆ ಇದೇ ಬ್ಯಾಟರಿ ಯುಪಿಎಸ್ ಆಗುತ್ತದೆ ನಿಜ, ಆದರೆ ಮಾನಿಟರ್, ಡಾಕ್, ಡಾಕ್‌ನಲ್ಲಿರುವ ಹಾರ್ಡ್ ಡಿಸ್ಕ್ ಮೂರೂ ಒಟ್ಟಿಗೆ ಹೋಗುತ್ತವೆ. ಡಿಸ್ಕಿಗೆ ಬರೆಯುತ್ತಿದ್ದ ಕಡತ ಅರ್ಧಕ್ಕೇ ನಿಂತು ಕೆಡಬಹುದು. ಡಾಕ್‌ಗೂ ಮಾನಿಟರ್‌ಗೂ ಒಂದು ಸಣ್ಣ ಯುಪಿಎಸ್ ಇರಲಿ.

ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗದಿರುವುದು, ಸಮತಟ್ಟಾದ ಮೇಜಿನ ಮೇಲೂ ಲ್ಯಾಪ್‌ಟಾಪ್ ಅಲುಗಾಡುವುದು, ಮುಚ್ಚಳ ಪೂರ್ತಿ ಕೂರದಿರುವುದು, ಈ ಮೂರರಲ್ಲಿ ಒಂದು ಕಂಡರೂ ಬ್ಯಾಟರಿ ಉಬ್ಬಿರಬಹುದೆಂದು ತಿಳಿಯಿರಿ. ಸದಾ ಮುಚ್ಚಿಯೇ ಇಡುವವರಿಗೆ ಇದು ತಡವಾಗಿ ಗೊತ್ತಾಗುತ್ತದೆ, ತಿಂಗಳಿಗೊಮ್ಮೆ ತೆರೆದು ಅಂಗೈ ಆಡಿಸಿ ನೋಡಿ. ಉಬ್ಬಿದ್ದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಒತ್ತದೆ ಚುಚ್ಚದೆ ಸರ್ವಿಸ್‌ಗೆ ಕೊಡಿ. ಹೇಗೂ ಚಾರ್ಜರ್‌ನಲ್ಲೇ ಓಡುತ್ತದಲ್ಲ, ಬ್ಯಾಟರಿ ತೆಗೆದೇ ಬಳಸೋಣ ಎನ್ನುವ ಯೋಚನೆ ಎಲ್ಲ ಮಾಡೆಲ್‌ಗೂ ಹೊಂದುವುದಿಲ್ಲ: ಕ್ಷಣಿಕ ಟರ್ಬೊಗೆ ಚಾರ್ಜರ್ ಸಾಲದಾದಾಗ ಉಳಿದದ್ದನ್ನು ಬ್ಯಾಟರಿಯೇ ತುಂಬಿಕೊಡುತ್ತಿರುತ್ತದೆ, ಅದಿಲ್ಲದಿದ್ದರೆ ಕೆಲವು ಯಂತ್ರಗಳು ಪ್ರೊಸೆಸರ್‌ನ ವೇಗವನ್ನು ಅರ್ಧಕ್ಕೂ ಕೆಳಗೆ ಕಟ್ಟಿಹಾಕುತ್ತವೆ.