ಇಎಡಿ ಕೈಗೆ ಬಂದ ಮೇಲೆ ಎಚ್-1ಬಿ ಬಿಡಬಹುದೇ?

ಓದುಗರ ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ಎಚ್-1ಬಿ ವೀಸಾದ (ಕಂಪನಿ ಪ್ರಾಯೋಜಿಸುವ ಕೆಲಸದ ವೀಸಾ) ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನ ಇಬಿ-3 ವರ್ಗದಲ್ಲಿ ನನ್ನ ಪ್ರಯಾರಿಟಿ ದಿನಾಂಕ (ಸಾಲಿನಲ್ಲಿ ನನ್ನ ಸ್ಥಾನ ತೋರಿಸುವ ದಿನಾಂಕ) 2014ರ ನವೆಂಬರ್. 2020ರ ಅಕ್ಟೋಬರ್‌ನಲ್ಲಿ ಗ್ರೀನ್ ಕಾರ್ಡ್‌ನ ಅಂತಿಮ ಅರ್ಜಿಯಾದ ಐ-485 ಸಲ್ಲಿಸಿದೆ. ಇಎಡಿ (ಕೆಲಸದ ಪರವಾನಗಿ ಕಾರ್ಡ್), ಅಡ್ವಾನ್ಸ್ ಪರೋಲ್ (ಹೊರಗೆ ಹೋಗಿ ಮರಳುವ ಅನುಮತಿ ಪತ್ರ) ಎರಡೂ ಬಂದಿವೆ, ಗ್ರೀನ್ ಕಾರ್ಡ್ ಮಾತ್ರ ಬಂದಿಲ್ಲ. 2022ರಲ್ಲಿ ಊರಿಗೆ ಬಂದು ಮದುವೆಯಾದೆ, ಹೆಂಡತಿ ಎಚ್-4ರಲ್ಲಿ (ಎಚ್-1ಬಿಯವರ ಸಂಗಾತಿಗೆ ಸಿಗುವ ವೀಸಾ) ಇದ್ದಾಳೆ. ಈಗ ಒಂದು ಸಣ್ಣ ಕಂಪನಿ ಒಳ್ಳೆಯ ಸಂಬಳಕ್ಕೆ ಕರೆಯುತ್ತಿದೆ. ಆದರೆ ‘ನಿಮ್ಮ ಹತ್ತಿರ ಇಎಡಿ ಇದೆಯಲ್ಲ, ಎಚ್-1ಬಿ ಟ್ರಾನ್ಸ್‌ಫರ್ ಯಾಕೆ ಬೇಕು?’ ಎನ್ನುತ್ತಾರೆ. ಸೇರಬಹುದೇ?

ಉತ್ತರ: ಕಂಪನಿಗೆ ಸೇರಬಹುದು, ಆದರೆ ಇಎಡಿಯ ಮೇಲೆ ಸೇರಬೇಡಿ. ನೀವೊಬ್ಬರೇ ಆಗಿದ್ದರೆ ಈ ಉತ್ತರವನ್ನು ಇಷ್ಟು ಖಂಡಿತವಾಗಿ ಹೇಳುತ್ತಿರಲಿಲ್ಲ. ನಿಮ್ಮ ಪತ್ರದಲ್ಲಿ ಮದುವೆಯ ವಿಷಯ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ, ಆದರೆ ಇಡೀ ಪ್ರಶ್ನೆಯ ತೂಕವೆಲ್ಲ ಆ ಸಾಲಿನ ಮೇಲೆಯೇ ನಿಂತಿದೆ. ಅದಕ್ಕೆ ಬರುವ ಮೊದಲು ಈ ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಎಚ್-1ಬಿ ಎಂಬುದು ಒಂದು ಸ್ಟೇಟಸ್, ಅಂದರೆ ದೇಶದಲ್ಲಿ ಇರಲು ಕಾನೂನು ಕೊಟ್ಟ ನೆಲೆ. ಇತ್ಯರ್ಥವಾಗದೆ ಉಳಿದಿರುವ ಐ-485 ಸ್ಟೇಟಸ್ ಅಲ್ಲ. ಅದು ನಿರ್ಧಾರ ಹೊರಬೀಳುವವರೆಗೆ ದೇಶದಲ್ಲಿ ಇರಲು ಸಿಗುವ ಅನುಮತಿ ಮಾತ್ರ. ನಮ್ಮಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟವರ ಕೈಯಲ್ಲಿ ಸ್ವೀಕೃತಿ ಚೀಟಿ ಇರುತ್ತದೆಯೇ ಹೊರತು ಖಾತೆ ಇರುವುದಿಲ್ಲ, ಇದೂ ಹಾಗೆಯೇ. ಆ ಅನುಮತಿಯ ಜೊತೆಗೆ ಬರುವ ಇಎಡಿ ಕೆಲಸ ಮಾಡಲು ಅವಕಾಶ ಕೊಡುತ್ತದೆ, ಅಡ್ವಾನ್ಸ್ ಪರೋಲ್ ಹೊರಗೆ ಹೋಗಿ ಬರಲು ಅವಕಾಶ ಕೊಡುತ್ತದೆ. ಎರಡೂ ಐ-485 ಜೀವಂತವಾಗಿರುವವರೆಗೆ ಮಾತ್ರ ಜೀವಂತ.

ಈ ಮಧ್ಯದ ಸ್ಥಿತಿ ಕೆಲವು ತಿಂಗಳಲ್ಲಿ ಮುಗಿಯುವಂತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳು ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ಭಾರತದ ಸಾಲು ಉದ್ದವಾಗಿರುವುದು ಇದರಿಂದಲೇ. ಆ ಸಾಲಿನ ಬಾಗಿಲು ಆಗೊಮ್ಮೆ ಈಗೊಮ್ಮೆ ಅನಿರೀಕ್ಷಿತವಾಗಿ ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. 2007ರ ಜುಲೈನಲ್ಲಿ ಹಾಗಾಯಿತು. 2020ರ ಅಕ್ಟೋಬರ್‌ನಲ್ಲಿ ಭಾರತದ ಇಬಿ-3 ಅರ್ಜಿ ಸಲ್ಲಿಕೆಯ ದಿನಾಂಕ 2015ರ ಜನವರಿ 1ಕ್ಕೆ ಜಿಗಿದಾಗ ಮತ್ತೆ ಹಾಗಾಯಿತು. ನೀವು ಒಳಗೆ ಬಂದದ್ದು ಆಗಲೇ. ಬಳಿಕ ದಿನಾಂಕ ಹಿಂದಕ್ಕೆ ಸರಿಯಿತು, ನಿಮ್ಮ ಅರ್ಜಿ ಅಲ್ಲಿಯೇ ನಿಂತಿತು. ವರ್ಷಗಟ್ಟಲೆ ನಿಲ್ಲಬೇಕಾದ ಜಾಗವಾದ್ದರಿಂದ ಅಲ್ಲಿ ಯಾವ ಆಧಾರದ ಮೇಲೆ ನಿಂತಿದ್ದೇವೆ ಎನ್ನುವುದು ಮುಖ್ಯವಾಗುತ್ತದೆ.

ಇಎಡಿ ಬಂದೊಡನೆ ಎಚ್-1ಬಿ ಹೋಯಿತು ಎಂದು ತಿಳಿದು ಗಾಬರಿಯಾಗುವವರು ಬಹಳ ಮಂದಿ. ಹಾಗೇನೂ ಇಲ್ಲ. ಕಾರ್ಡ್ ಮೇಜಿನ ಖಾನೆಯಲ್ಲಿ ಇರುವಷ್ಟು ದಿನ ಏನೂ ಬದಲಾಗುವುದಿಲ್ಲ, ಅದನ್ನು ಬಳಸಿದಾಗಲೇ ಬದಲಾಗುವುದು. ಹೊಸ ಕಂಪನಿಗೆ ಸೇರಿದ ದಿನ ತುಂಬುವ ಐ-9 ನಮೂನೆಯಲ್ಲಿ ಇಎಡಿಯನ್ನು ತೋರಿಸಿ ಕೆಲಸ ಆರಂಭಿಸಿದರೆ, ಅಥವಾ ಎಚ್-1ಬಿ ಕೆಲಸದ ಜೊತೆಗೆ ಇಎಡಿಯ ಬಲದಿಂದ ಸಂಜೆಯ ಹೊತ್ತು ಇನ್ನೊಂದು ಕೆಲಸ ಹಿಡಿದರೆ, ಎಚ್-1ಬಿ ಸ್ಟೇಟಸ್ ಅಲ್ಲಿಗೆ ಮುಗಿಯಿತು. ಅವಧಿ ಮುಗಿದ ಎಚ್-1ಬಿಯನ್ನು ‘ಇಎಡಿ ಇದೆಯಲ್ಲ’ ಎಂದು ವಿಸ್ತರಿಸದೆ ಬಿಟ್ಟರೂ ಫಲ ಒಂದೇ. ಯಾವ ಕಚೇರಿಯಿಂದಲೂ ಪತ್ರ ಬರುವುದಿಲ್ಲ, ಯಾರೂ ಎಚ್ಚರಿಸುವುದಿಲ್ಲ.

ಈಗ ನಿಮ್ಮ ಮನೆಯ ವಿಷಯ. ನೀವು ಐ-485 ಸಲ್ಲಿಸಿದಾಗ ಅವಿವಾಹಿತರು, ಆದ್ದರಿಂದ ನಿಮ್ಮ ಪತ್ನಿಯ ಹೆಸರಿನಲ್ಲಿ ಐ-485 ಇಲ್ಲ. ನಿಮಗೆ ಗ್ರೀನ್ ಕಾರ್ಡ್ ಮಂಜೂರಾಗುವ ಮೊದಲೇ ಮದುವೆಯಾಗಿರುವುದರಿಂದ ನಿಮ್ಮ ಅವಲಂಬಿತರಾಗಿ ಅರ್ಜಿ ಹಾಕುವ ಹಕ್ಕು ಅವರಿಗೆ ಖಂಡಿತ ಇದೆ, ಆದರೆ ನಿಮ್ಮ ಪ್ರಯಾರಿಟಿ ದಿನಾಂಕ ಮತ್ತೆ ಚಾಲ್ತಿಗೆ ಬರುವವರೆಗೆ ಆ ಅರ್ಜಿಯನ್ನು ಸಲ್ಲಿಸಲಾಗದು. ಅಲ್ಲಿಯವರೆಗೆ ಅವರು ಅಮೆರಿಕದಲ್ಲಿ ಇರಲು ಇರುವ ಆಧಾರ ಎಚ್-4 ಒಂದೇ. ಎಚ್-4ಕ್ಕೆ ಸ್ವಂತ ಕಾಲಿಲ್ಲ, ಅದು ನಿಮ್ಮ ಎಚ್-1ಬಿಯ ಹೆಗಲ ಮೇಲೆ ಕುಳಿತಿದೆ. ನೀವು ಇಎಡಿಗೆ ದಾಟಿದ ದಿನ ನಿಮಗೆ ಐ-485ರ ಆಸರೆ ಉಳಿಯುತ್ತದೆ, ಅವರಿಗೆ ಯಾವುದೂ ಉಳಿಯುವುದಿಲ್ಲ. ಆಗ ಅವರು ಓದಿಗೆಂದು ಎಫ್-1ಗೋ, ಸ್ವಂತ ಅರ್ಹತೆಯ ಮೇಲೆ ಬೇರೊಂದು ಸ್ಟೇಟಸ್‌ಗೋ ಮೊದಲೇ ಬದಲಾಯಿಸಿಕೊಂಡಿರಬೇಕು, ಇಲ್ಲವೇ ಊರಿಗೆ ಮರಳಿ ನಿಮ್ಮ ದಿನಾಂಕ ಬರುವವರೆಗೆ ಕಾಯಬೇಕು. ಕೆಲವು ಸಾವಿರ ಡಾಲರ್ ಹೆಚ್ಚಿನ ಸಂಬಳಕ್ಕಾಗಿ ಹೊಸ ಸಂಸಾರ ಎರಡು ಖಂಡಗಳಲ್ಲಿ ಹಂಚಿಹೋಗುವುದನ್ನು ನಾನು ಯಾರಿಗೂ ಸಲಹೆಯಾಗಿ ಹೇಳಲಾರೆ.

ಪತ್ನಿಯ ಐ-485 ಸಲ್ಲಿಕೆಯಾಗಿದ್ದರೂ ಎಚ್ಚರ ತಪ್ಪುವಂತಿಲ್ಲ. ನನಗೆ ಪರಿಚಯದ ಒಂದು ಕುಟುಂಬ, ಮೂಲತಃ ಶಿವಮೊಗ್ಗ ಕಡೆಯವರು, ಇಬ್ಬರ ಐ-485 ಕೂಡ 2020ರಲ್ಲೇ ಹೋಗಿತ್ತು. ಆಕೆ ಕೆಲಸ ಮಾಡುತ್ತಿದ್ದದ್ದು ಎಚ್-4 ಇಎಡಿಯ ಮೇಲೆ. ಐ-485ರಿಂದ ಬರುವ ಇನ್ನೊಂದು ಇಎಡಿಯನ್ನು ‘ಒಂದು ಇದೆಯಲ್ಲ’ ಎಂದು ನವೀಕರಿಸಿರಲಿಲ್ಲ. ಗಂಡ ಹೊಸ ಕಂಪನಿಗೆ ತನ್ನ ಇಎಡಿಯ ಮೇಲೆ ಸೇರಿದ. ಆಕೆಯ ಎಚ್-4 ಅಂದೇ ಹೋಯಿತು, ಅದರೊಡನೆ ಎಚ್-4 ಇಎಡಿಯ ಆಧಾರವೂ ಹೋಯಿತು. ಕಾರ್ಡ್ ಮೇಲಿನ ದಿನಾಂಕ ಇನ್ನೂ ಮುಂದಿದ್ದುದರಿಂದ ಇಬ್ಬರಿಗೂ ಇದು ಹೊಳೆಯಲಿಲ್ಲ. ನಾಲ್ಕು ತಿಂಗಳ ನಂತರ ನವೀಕರಣದ ಕಾಗದ ಹೊಂದಿಸುವಾಗ ವಕೀಲರು, ‘ಯಜಮಾನರ ಈಗಿನ ಐ-797 (ಎಚ್-1ಬಿ ಮಂಜೂರಾದುದಕ್ಕೆ ಇಲಾಖೆ ಕೊಡುವ ಪತ್ರ) ಎಲ್ಲಿ?’ ಎಂದು ಕೇಳಿದಾಗ ವಿಷಯ ಬಯಲಾಯಿತು. ಆಕೆ ಅದೇ ದಿನ ಕೆಲಸ ನಿಲ್ಲಿಸಿದರು. ಉದ್ಯೋಗ ಆಧಾರಿತ ಅರ್ಜಿದಾರರಿಗೆ, ಕೊನೆಯ ಕಾನೂನುಬದ್ಧ ಪ್ರವೇಶದ ನಂತರದ ಒಟ್ಟು 180 ದಿನಗಳವರೆಗಿನ ಇಂಥ ತಪ್ಪುಗಳನ್ನು ಮನ್ನಿಸುವ 245(ಕೆ) ಎಂಬ ವಿಧಿ ಇರುವುದರಿಂದ ಅವರ ಐ-485 ಉಳಿಯಿತು. ಆ ಲೆಕ್ಕದಲ್ಲಿ ಶನಿವಾರ, ಭಾನುವಾರಗಳೂ ಸೇರುತ್ತವೆ. ಇನ್ನೆರಡು ತಿಂಗಳು ಹಾಗೆಯೇ ಕಳೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಐ-485 ತಿರಸ್ಕೃತವಾದರೆ ಏನಾಗುತ್ತದೆ ಎನ್ನುವುದು ಎರಡನೆಯ ವಿಚಾರ. ಎಚ್-1ಬಿಯಲ್ಲಿರುವವರು ಮರುದಿನವೂ ಎಂದಿನಂತೆ ಕೆಲಸಕ್ಕೆ ಹೋಗಬಹುದು, ಕಾನೂನಿನ ಹೋರಾಟ ಮಾಡಬಹುದು, ಅವಕಾಶ ಬಂದಾಗ ಮತ್ತೆ ಅರ್ಜಿ ಹಾಕಬಹುದು. ಬರೀ ಇಎಡಿಯ ಮೇಲೆ ಇರುವವರಿಗೆ ಮರುದಿನದಿಂದಲೇ ಅನಧಿಕೃತ ವಾಸದ ದಿನಗಳ ಎಣಿಕೆ ಆರಂಭವಾಗುತ್ತದೆ. ಅದು 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ಮುಟ್ಟಿದ ಮೇಲೆ ಬಿಟ್ಟರೆ ಹತ್ತು ವರ್ಷ ಮರಳುವಂತಿಲ್ಲ. ಇದರ ಮೇಲೆ 2025ರ ಫೆಬ್ರುವರಿ 28ರ ನೀತಿಯ ಪ್ರಕಾರ, ಅರ್ಜಿ ತಿರಸ್ಕೃತವಾಗಿ ಕಾನೂನುಬದ್ಧ ನೆಲೆಯಿಲ್ಲದೆ ಉಳಿದವರಿಗೆ ವಲಸೆ ನ್ಯಾಯಾಲಯಕ್ಕೆ ಹಾಜರಾಗುವಂತೆ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ನೋಟಿಸ್ ಕೊಡಬಹುದು. ಅರ್ಹತೆ ಸರಿಯಿದ್ದು ಕಾಗದಗಳು ಶುದ್ಧವಾಗಿದ್ದರೆ ತಿರಸ್ಕಾರ ಅಪರೂಪವೇ ಸರಿ. ಆದರೆ ಮನೆ ಬದಲಾಯಿಸಿದಾಗ ವಿಳಾಸ ತಿಳಿಸದೆ, ಇಲಾಖೆ ಕೇಳಿದ ವಿವರದ ಪತ್ರ ಹಳೆಯ ಮನೆಗೆ ಹೋಗಿ, ಗಡುವು ಮೀರುವಂತಹ ಸಾಧಾರಣ ಕಾರಣಕ್ಕೂ ಅರ್ಜಿ ಬೀಳಬಲ್ಲದು.

ಇತ್ತೀಚಿನವರೆಗೆ ಇಎಡಿಯ ಪಕ್ಷದಲ್ಲಿ ಒಂದು ಬಲವಾದ ವಾದವಿತ್ತು. 2023ರ ಸೆಪ್ಟೆಂಬರ್‌ನಿಂದ ಐ-485 ಅರ್ಜಿದಾರರಿಗೆ ಐದು ವರ್ಷಗಳವರೆಗಿನ ಇಎಡಿ ಸಿಗುತ್ತಿತ್ತು, ನವೀಕರಣದ ಅರ್ಜಿ ಹಾಕಿದರೆ ಹಳೆಯ ಕಾರ್ಡ್ 540 ದಿನ ತಾನಾಗಿ ಮುಂದುವರಿಯುತ್ತಿತ್ತು. ಆ ಎರಡೂ ಅನುಕೂಲಗಳು ಈಗ ಹೋಗಿವೆ. 2025ರ ಅಕ್ಟೋಬರ್ 30ರಂದು ಅಥವಾ ಅದರ ನಂತರ ಸಲ್ಲಿಸಿದ ನವೀಕರಣದ ಅರ್ಜಿಗಳಿಗೆ ತಾನಾಗಿ ವಿಸ್ತರಣೆ ಇಲ್ಲ. ಡಿಸೆಂಬರ್ 5ರಿಂದ ಹೊಸ ಕಾರ್ಡ್‌ನ ಗರಿಷ್ಠ ಅವಧಿ 18 ತಿಂಗಳು. ಅವಧಿ ಮುಗಿಯುವ 180 ದಿನ ಮೊದಲು ಅರ್ಜಿ ಹಾಕಲು ಅವಕಾಶವಿದೆ ಎಂದಿಟ್ಟುಕೊಂಡರೂ, ಕಾರ್ಡ್ ಬಂದು ಒಂದು ವರ್ಷಕ್ಕೆಲ್ಲ ಮತ್ತೆ ಕಾಗದ ಹಿಡಿದು ಕೂರಬೇಕು. ಹೊಸ ಕಾರ್ಡ್ ತಡವಾದರೆ ಹಳೆಯದು ಮುಗಿದ ದಿನವೇ ಕೆಲಸ ನಿಲ್ಲಿಸಬೇಕು. ಬಹಳಷ್ಟು ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸ್‌ನ ಅವಧಿಯೂ ಇದೇ ದಿನಾಂಕಕ್ಕೆ ಗಂಟುಬಿದ್ದಿರುತ್ತದೆ. ಐ-140 (ಕಂಪನಿ ಸಲ್ಲಿಸುವ ಗ್ರೀನ್ ಕಾರ್ಡ್ ಮನವಿ) ಮಂಜೂರಾಗಿ ದಿನಾಂಕ ಬಾರದವರಿಗೆ ಎಚ್-1ಬಿ ಆರು ವರ್ಷಗಳ ಮಿತಿಯಾಚೆಗೂ ಮೂರು ಮೂರು ವರ್ಷ ವಿಸ್ತರಣೆಯಾಗುತ್ತದೆ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಬಿಟ್ಟ ಎಚ್-1ಬಿಗೆ ಮರಳುವ ದಾರಿಯೂ ಕಿರಿದಾಗಿದೆ. ಒಮ್ಮೆ ಎಚ್-1ಬಿ ಆಯ್ಕೆಯ ಲಾಟರಿಯಲ್ಲಿ ಎಣಿಕೆಯಾದವರು ಮತ್ತೆ ಲಾಟರಿಗೆ ಹೋಗಬೇಕಿಲ್ಲ, ನಿಜ. ಆದರೆ ಬರೀ ಇಎಡಿಯ ಮೇಲೆ ಇರುವವರಿಗೆ ದೇಶದೊಳಗೇ ಸ್ಟೇಟಸ್ ಬದಲಾವಣೆ ಸಾಮಾನ್ಯವಾಗಿ ದೊರೆಯುವುದಿಲ್ಲವಾದ್ದರಿಂದ, ಹೊರಗೆ ಹೋಗಿ ಎಚ್-1ಬಿಯಲ್ಲೇ ಮರಳಿ ಪ್ರವೇಶಿಸಬೇಕಾಗುತ್ತದೆ. ಹಾಗೆ ಹೊರಗಿನಿಂದ ಬರುವವರ ಹೊಸ ಅರ್ಜಿಗೆ 2025ರ ಸೆಪ್ಟೆಂಬರ್ 19ರ ಅಧ್ಯಕ್ಷರ ಘೋಷಣೆ ವಿಧಿಸಿದ 1,00,000 ಡಾಲರ್ ಶುಲ್ಕ ತಗಲುವ ಸಾಧ್ಯತೆಯಿದೆ.

ಪ್ರಯಾಣದ ವಿಷಯದಲ್ಲಿ ಮಾತ್ರ ಅಡ್ವಾನ್ಸ್ ಪರೋಲ್ ಬಹಳ ಬೆಲೆಬಾಳುವ ಕಾಗದ ಎಂದು ಒಪ್ಪುತ್ತೇನೆ. ಎಚ್-1ಬಿ ಇರುವವರು ಪರೋಲ್ ಇಲ್ಲದೆಯೂ ಹೋಗಿ ಬರಬಹುದು. ಪಾಸ್‌ಪೋರ್ಟ್‌ನಲ್ಲಿ ಎಚ್-1ಬಿ ವೀಸಾ ಸ್ಟಾಂಪ್ ಹಾಕಿಸಿಕೊಂಡು ಅದೇ ಕಂಪನಿಯ ಕೆಲಸಕ್ಕೆ ಮರಳಿದರೆ ಐ-485 ಕೈಬಿಟ್ಟಂತೆ ಆಗುವುದಿಲ್ಲ. ಆದರೆ ಸ್ಟಾಂಪಿಂಗ್ ಈಗ ಮೊದಲಿನಂತಿಲ್ಲ. 2025ರ ಸೆಪ್ಟೆಂಬರ್‌ನಿಂದ ಬಹುಪಾಲು ಅರ್ಜಿದಾರರಿಗೆ ಸಂದರ್ಶನ ಕಡ್ಡಾಯವಾಯಿತು, ಮೂರನೆಯ ದೇಶಕ್ಕೆ ಹೋಗಿ ಸ್ಟಾಂಪ್ ಹಾಕಿಸುವ ರೂಢಿಗೆ ತಡೆ ಬಿತ್ತು. ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಸೇರಿ, ಭಾರತದಲ್ಲಿ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ತಂದೆಯ ಆರೋಗ್ಯ ಕೆಟ್ಟಿದೆ ಎಂದು ಫೋನ್ ಬಂದ ರಾತ್ರಿ ಹೊರಡಬೇಕಾದವರಿಗೆ ಪರೋಲ್ ಕಾಗದವೇ ದಿಕ್ಕು. ಅದರ ಮೇಲೆ ಒಳಬಂದರೆ ಪ್ರವೇಶದ ದಾಖಲೆಯಾದ ಐ-94ರಲ್ಲಿ ಎಚ್-1ಬಿ ಬದಲು ‘ಡಿಎ’ (ಪರೋಲ್ ಮೇಲೆ ಬಂದವರ ಸಂಕೇತ) ಎಂದು ನಮೂದಾಗುತ್ತದೆ. ಹಾಗಿದ್ದರೂ ಎಚ್-1ಬಿ ಅವಧಿ ಉಳಿದಿದ್ದರೆ ಅದೇ ಕಂಪನಿಯಲ್ಲಿ ಕೆಲಸ ಮುಂದುವರಿಸಬಹುದು, ಆ ಕಂಪನಿ ವಿಸ್ತರಣೆ ಪಡೆದೊಡನೆ ಮತ್ತೆ ಎಚ್-1ಬಿ ಸ್ಟೇಟಸ್‌ಗೆ ಬರಬಹುದು ಎಂದು 2000ದಲ್ಲಿಯೇ ಇಲಾಖೆ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಒಂದು ಎಚ್ಚರಿಕೆ: ಪರೋಲ್‌ನ ಅರ್ಜಿ ಹಾಕಿ, ಅದು ಕೈಗೆ ಬರುವ ಮೊದಲೇ ವಿಮಾನ ಹತ್ತಿದರೆ ಆ ಅರ್ಜಿ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಹೇಳಿದರೂ ಇಎಡಿಯನ್ನು ಬಳಸಲೇಬಾರದು ಎಂಬುದು ನನ್ನ ವಾದವಲ್ಲ. ಲೇಆಫ್ ಆಗಿ, ಎಚ್-1ಬಿಯವರಿಗೆ ಸಿಗುವ 60 ದಿನಗಳ ಅವಧಿಯಲ್ಲಿ ಹೊಸ ಸ್ಪಾನ್ಸರ್ ಸಿಗದಿದ್ದರೆ ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಉಳಿಸುವುದು ಈ ಕಾರ್ಡೇ. ಸ್ವಂತ ಕಂಪನಿ ಕಟ್ಟಬೇಕೆನ್ನುವವರಿಗೂ ಅದು ಬಹಳ ಸುಲಭದ ದಾರಿ. ಐ-485 ಸಲ್ಲಿಸಿ 180 ದಿನ ಕಳೆದ ಮೇಲೆ, ಮೂಲ ಅರ್ಜಿಯಲ್ಲಿದ್ದ ಹುದ್ದೆಯನ್ನೇ ಹೋಲುವ ಹುದ್ದೆಗೆ ಹೋದರೆ ಗ್ರೀನ್ ಕಾರ್ಡ್ ಅರ್ಜಿ ಮುರಿಯದಂತೆ 204(ಜೆ) ವಿಧಿ ಕಾಯುತ್ತದೆ, ಸಪ್ಲಿಮೆಂಟ್ ಜೆ ನಮೂನೆಯನ್ನು ಹೊಸ ಕಂಪನಿ ತುಂಬಿಕೊಡಬೇಕು. ಗಂಡ ಹೆಂಡತಿ ಇಬ್ಬರ ಐ-485 ಕೂಡ ಬಾಕಿ ಇದ್ದು, ಇಬ್ಬರ ಇಎಡಿಯೂ ಚಾಲ್ತಿಯಲ್ಲಿದ್ದು, ಕೆಲಸ ನಿಜಕ್ಕೂ ಅಪರೂಪದ್ದಾಗಿದ್ದರೆ ಎಚ್-1ಬಿ ಬಿಡುವುದು ವಿವೇಕದ ನಿರ್ಧಾರವೇ ಆಗಬಹುದು. ನಿಮ್ಮದು ಆ ಸ್ಥಿತಿ ಅಲ್ಲ.

ಆದ್ದರಿಂದ ಕಂಪನಿಯವರೊಡನೆ ಇನ್ನೊಮ್ಮೆ ಕೂತು ಮಾತನಾಡಿ. ಒಂದು ಲಕ್ಷ ಡಾಲರ್‌ನ ಸುದ್ದಿ ಕೇಳಿ ಅವರು ಹೆದರಿರುವ ಸಾಧ್ಯತೆ ಹೆಚ್ಚು. ದೇಶದೊಳಗೆ ಎಚ್-1ಬಿ ಸ್ಟೇಟಸ್‌ನಲ್ಲಿ ಇರುವವರ ಟ್ರಾನ್ಸ್‌ಫರ್‌ಗೆ ಆ ಶುಲ್ಕವಿಲ್ಲ ಎಂದು ಯುಎಸ್‌ಸಿಐಎಸ್ 2025ರ ಅಕ್ಟೋಬರ್ 20ರಂದು ಸ್ಪಷ್ಟಪಡಿಸಿದೆ. ಅವರಿಗೆ ಬೀಳುವುದು ಮಾಮೂಲಿ ಅರ್ಜಿ ಶುಲ್ಕ ಮತ್ತು ವಕೀಲರ ವೆಚ್ಚ. ಅರ್ಜಿ ಇಲಾಖೆಗೆ ತಲುಪಿದ ಮೇಲೆ ಮಂಜೂರಾತಿಗೆ ಕಾಯದೆ ನೀವು ಅಲ್ಲಿ ಕೆಲಸ ಆರಂಭಿಸಬಹುದು. ಅದಕ್ಕೂ ಮೊದಲು ನಿಮ್ಮ ಐ-94 ತೆಗೆದು ನೋಡಿ. ಕೊನೆಯ ಬಾರಿ ಪರೋಲ್‌ನ ಮೇಲೆ ಒಳಬಂದಿದ್ದು, ಆ ಬಳಿಕ ಈಗಿನ ಕಂಪನಿಯಿಂದ ವಿಸ್ತರಣೆ ಆಗಿರದಿದ್ದರೆ, ರಾಜೀನಾಮೆ ಕೊಡುವ ಮುನ್ನವೇ ವಲಸೆ ವಕೀಲರನ್ನು ಕಾಣಬೇಕು. ಪತ್ನಿಯ ಎಚ್-4 ಮುಗಿಯುವ ದಿನಾಂಕವನ್ನೂ ಆಗಲೇ ನೋಡಿಕೊಳ್ಳಿ, ಟ್ರಾನ್ಸ್‌ಫರ್ ಜೊತೆಗೇ ಅದರ ವಿಸ್ತರಣೆಯನ್ನೂ ಕಳುಹಿಸಬಹುದು. ನಿಮ್ಮ ಇಎಡಿ ಮತ್ತು ಪರೋಲ್‌ಗಳನ್ನು ಕಾಲಕಾಲಕ್ಕೆ ನವೀಕರಿಸುತ್ತಲೇ ಇರಿ. ಹೊಸ ಕಂಪನಿಯ ಎಚ್‌ಆರ್‌ನವರು ಐ-9 ಕಳುಹಿಸಿ ದಾಖಲೆ ಕೇಳಿದಾಗ ಯಾವುದನ್ನು ಕೊಡಬೇಕೆಂಬ ಆಯ್ಕೆ ಕಾನೂನಿನ ಪ್ರಕಾರ ನಿಮ್ಮದು: ಪಾಸ್‌ಪೋರ್ಟ್, ಐ-94 ಮತ್ತು ಟ್ರಾನ್ಸ್‌ಫರ್ ಅರ್ಜಿಯ ಐ-797 ರಸೀದಿಯನ್ನು ಕೊಡಿ, ಇಎಡಿಯನ್ನು ಹೊರಗೆ ತೆಗೆಯಬೇಡಿ.