ಎರಡು ವಾರ, ಹತ್ತು ವಿಮಾನ: ಇಂದ್ರಲಾಲ್ ರಾಯ್ ಕಥೆ

ಫೈಟರ್ ಪೈಲಟ್ 'ಏಸ್' ಅನ್ನಿಸ್ಕೋಬೇಕು ಅಂದ್ರೆ ಕನಿಷ್ಠ 5 ಶತ್ರು ವಿಮಾನ ಕೆಡವಿರ್ಬೇಕು. ಮೊದಲ ಮಹಾಯುದ್ಧದಲ್ಲಿ ಈ ಲೆಕ್ಕ ದಾಟಿದ ಭಾರತೀಯ ಇಂದ್ರಲಾಲ್ ರಾಯ್, ಆಗ ಅವನಿಗೆ ಇನ್ನೂ 19 ವರ್ಷ.

ಹುಟ್ಟಿದ್ದು 1898ರ ಡಿಸೆಂಬರ್ 2ಕ್ಕೆ ಕಲ್ಕತ್ತಾದಲ್ಲಿ, ಅಪ್ಪ ಬ್ಯಾರಿಸ್ಟರ್, ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಸ್ಕೂಲಲ್ಲಿ. ಬ್ರಿಟಿಷ್ ಸೇನೆಯ ವಿಮಾನ ವಿಭಾಗ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದ್ರೆ ಕಣ್ಣು ಸರಿ ಇಲ್ಲ ಅಂತ ರಿಜೆಕ್ಟ್ ಮಾಡಿದ್ರು, ಹುಡುಗ ಬಿಡ್ಲಿಲ್ಲ, ತನ್ನ ಮೋಟರ್‌ಸೈಕಲ್ ಮಾರಿ ಆ ದುಡ್ಡಲ್ಲಿ ದೊಡ್ಡ ಕಣ್ಣಿನ ಡಾಕ್ಟರ್ ಹತ್ರ ಮತ್ತೆ ತೋರಿಸ್ಕೊಂಡು ಪಾಸಾದ ಅಂತ ಹೇಳ್ತಾರೆ. 1917ರ ಜುಲೈನಲ್ಲಿ ಕಮಿಷನ್, ಅಂದ್ರೆ ಆಫೀಸರ್ ಹುದ್ದೆ, ಸಿಕ್ತು. ಭಾರತೀಯರನ್ನ ಸಿಪಾಯಿಗಳಾಗಿ ಲಕ್ಷಗಟ್ಟಲೆ ಸೇರಿಸ್ಕೊಂಡು ಆಫೀಸರ್ ಮಾಡೋಕೆ ಮಾತ್ರ ಹಿಂದೆಮುಂದೆ ನೋಡ್ತಿದ್ದ ಕಾಲ ಅದು, ಹಾಗಾಗಿ ಇದನ್ನ ಸಣ್ಣ ವಿಷ್ಯ ಅನ್ನೋಕಾಗಲ್ಲ.

ಅಕ್ಟೋಬರ್ ಕೊನೇಲಿ 56ನೇ ಸ್ಕ್ವಾಡ್ರನ್‌ಗೆ (ಯುದ್ಧವಿಮಾನಗಳ ತುಕಡಿ) ಹೋದ, ಡಿಸೆಂಬರ್ 6ಕ್ಕೆ ಅವನ ಎಸ್.ಇ.5ಎ ವಿಮಾನ ಕ್ರ್ಯಾಶ್ ಆಯ್ತು. ಸತ್ತೇಹೋದ ಅಂದ್ಕೊಂಡು ಶವಾಗಾರಕ್ಕೆ ಹಾಕಿದ್ರಂತೆ, ಪ್ರಜ್ಞೆ ಬಂದು ಒಳಗಿಂದ ಬಾಗಿಲು ಬಡಿದನಂತೆ! ಇದಕ್ಕೆ ಎಷ್ಟು ಉಪ್ಪುಖಾರ ಸೇರಿದ್ಯೋ, ಕ್ರ್ಯಾಶ್ ಅಂತೂ ನಿಜ. ಹಾರೋಕೆ ಅನ್‌ಫಿಟ್ ಅಂದ್ರು, ಹುಷಾರಾಗೋವರೆಗೂ ವಿಮಾನಗಳ ಚಿತ್ರ ಬಿಡಿಸ್ತಾ ಕೂತ, ಆಮೇಲೆ ಹಠ ಹಿಡಿದು ಮತ್ತೆ ಫಿಟ್ ಅನ್ನಿಸ್ಕೊಂಡು 1918ರ ಜೂನ್‌ನಲ್ಲಿ ಫ್ರಾನ್ಸಲ್ಲಿದ್ದ 40ನೇ ಸ್ಕ್ವಾಡ್ರನ್ ಸೇರಿದ. ಅಲ್ಲಿ ಫ್ಲೈಟ್ ಕಮಾಂಡರ್ ಆಗಿದ್ದ ಜಾರ್ಜ್ ಮೆಕೆಲ್ರಾಯ್ ತಾನೇ ದೊಡ್ಡ ಏಸ್, ಅವನ ಕೈಕೆಳಗೆ ಹುಡುಗ ಪಳಗಿದ.

ಜುಲೈ 6ಕ್ಕೆ ಮೊದಲ ಜರ್ಮನ್ ವಿಮಾನ. 8ನೇ ತಾರೀಖು ನಾಲ್ಕೇ ಗಂಟೆಯೊಳಗೆ ಮೂರು! 19ರ ಹೊತ್ತಿಗೆ ಒಟ್ಟು ಹತ್ತು, ಅದ್ರಲ್ಲಿ ಎರಡು ಬೇರೆ ಪೈಲಟ್‌ಗಳ ಜೊತೆ ಹಂಚ್ಕೊಂಡಿದ್ದು. ಆಗಿನ ಲೆಕ್ಕದಲ್ಲಿ ಕಂಟ್ರೋಲ್ ತಪ್ಪಿ ಕೆಳಗೆ ಹೋದ ವಿಮಾನಾನೂ ಸೇರ್ತಿತ್ತು, ಆದ್ರೂ ಅಷ್ಟು ಕಮ್ಮಿ ದಿನಕ್ಕೆ ಇದು ಭಾರೀನೇ.

ಮೂರೇ ದಿನ ಆಮೇಲೆ, ಜುಲೈ 22ಕ್ಕೆ, ಕಾರ್ವಿನ್ ಊರಿನ ಮೇಲೆ ಜರ್ಮನ್ನರ ಫೋಕರ್ ಡಿ.7 ವಿಮಾನಗಳ ಜೊತೆ ಕಾದಾಡ್ತಾ ಸತ್ತ. ಸಮಾಧಿ ಫ್ರಾನ್ಸಿನ ಎಸ್ಟೆವೆಲ್‌ನಲ್ಲಿದೆ. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಶೌರ್ಯ ಪದಕ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಘೋಷಿಸಿದ್ರು, ಆ ಪದಕ ಭಾರತೀಯನಿಗೆ ಸಿಕ್ಕಿದ್ದು ಅದೇ ಮೊದಲು.

ನಮ್ಮದೇ ವಾಯುಪಡೆ ಶುರುವಾಗಿದ್ದು 1932ರಲ್ಲಿ. ಅದ್ರ ಮೊದಲ ಪೈಲಟ್‌ಗಳಲ್ಲಿ ಒಬ್ಬರು, 1954ರಲ್ಲಿ ಅದ್ರ ಮೊದಲ ಭಾರತೀಯ ಮುಖ್ಯಸ್ಥರೂ ಆದ ಸುಬ್ರತೋ ಮುಖರ್ಜಿ ಇದೇ ಇಂದ್ರಲಾಲನ ಸೋದರಳಿಯ.